ತೌಡತ್ತೆ ಹುಟ್ಟಿದ್ದಕ್ಕೆ ಪುರಾವೆ

ಮೊನ್ನೆ ಒಂದು ಪದದ ಅರ್ಥ ನೋಡೋಣವೆಂದು ಕಪಾಟಿನಿಂದ ನಿಘಂಟು ಎಳೆದೆ. ಅದರೊಳಗಿಂದ ನಮ್ಮ ತೌಡತ್ತೆ ಜಾರಿ ನೆಲಕ್ಕೆ ಬಿದ್ದಳು. ಗಾಬರಿಯಾಗಬೇಡಿ, ಬಿದ್ದದ್ದು ಅವಳ ಪಾಸ್‌ಪೋರ್ಟ್ ಸೈಜಿನ ಫೋಟೋ. ಮೈಸೂರಿನ ಆಚೆಗೆ ಬಸ್ಸು ಹತ್ತದ ಹೆಂಗಸಿನ ಪಾಸ್‌ಪೋರ್ಟ್ ಫೋಟೋಗಳು ನಮ್ಮ ಮನೆಯಲ್ಲಿ ಎಲ್ಲೆಂದರಲ್ಲಿ ಸಿಗುತ್ತವೆ. ಹೊಲಿಗೆ ಡಬ್ಬಿಯಲ್ಲಿ, ಪಂಚಾಂಗದ ನಡುವೆ, ಗ್ಯಾಸ್ ಪುಸ್ತಕದ ಪ್ಲಾಸ್ಟಿಕ್ ಕವರಿನಲ್ಲಿ. ಸ್ಟುಡಿಯೋದವನು ಒಂದು ಸಲಕ್ಕೆ ಎಂಟು ಕೊಡುತ್ತಾನೆ, ಕಚೇರಿಯವರು ಎರಡು ಕೇಳುತ್ತಾರೆ. ಮುಂದಿನ ಸಲ ಹೋದಾಗ ಇದು ಹಳೆಯ ಫೋಟೋ, ಹೊಸದು ತನ್ನಿ ಎನ್ನುತ್ತಾರೆ. ಫೋಟೋದಲ್ಲಿ ಅತ್ತೆ ಯಾರನ್ನೋ ಬೈಯಲು ಬಾಯಿ ತೆರೆಯುವ ಹೊತ್ತಿನಲ್ಲಿದ್ದಾಳೆ. ಸ್ಟುಡಿಯೋದವನು ಕ್ಯಾಮೆರಾ ಹಿಂದಿನಿಂದ "ಅಜ್ಜಿ, ನಗಬೇಡಿ, ನಕ್ಕರೆ ಆಫೀಸಲ್ಲಿ ವಾಪಸ್ ಕಳಿಸ್ತಾರೆ" ಅಂದಿದ್ದ. "ನಗೋ ಅಂತದ್ದು ಏನ್ ನಡ್ದದೆ ಅಂತ ನಗ್ಲಪ್ಪ" ಎಂದು ಅವಳು ಹೇಳಿ ಮುಗಿಸುವುದರೊಳಗೆ ಅವನು ಒತ್ತಿಬಿಟ್ಟಿದ್ದ.

ಆ ಫೋಟೋ ಕೈಯಲ್ಲಿ ಹಿಡಿದುಕೊಂಡು ನಾನು ಯಾವ ಪದ ಹುಡುಕಲು ಹೊರಟಿದ್ದೆನೋ ಅದನ್ನೇ ಮರೆತೆ. ಸಿಟ್ಟು ನೆನಪಿಗೆ ಬಂದಾಗ ಉಳಿದದ್ದೆಲ್ಲ ಮರೆತುಹೋಗುವುದು ನನ್ನ ಹಳೆಯ ಜಾಯಮಾನ.

ನಾನು ಕುಶಾಲನಗರದ ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಕನ್ನಡ ಮೇಡಂ ಆಗಿದ್ದವಳು. ಈಗ ನಿವೃತ್ತಳು. ನಮ್ಮ ತಾತ ಹಾಸನದ ಕಡೆಯಿಂದ ಎತ್ತಿನ ಗಾಡಿಯಲ್ಲಿ ಪಾತ್ರೆ ಪಗಡ ಹೇರಿಕೊಂಡು ಬಂದು ಇಲ್ಲಿ ಬೇರೂರಿದವರು. ಪಾಠ ಹೇಳುವುದರಲ್ಲಿ ನಾನು ಹೇಗಿದ್ದೆನೋ ಮಕ್ಕಳನ್ನೇ ಕೇಳಬೇಕು. ಆದರೆ ಅರ್ಜಿ ಬರೆಯುವುದರಲ್ಲಿ ಊರಿಗೇ ನಾನು ಎತ್ತಿದ ಕೈ. ಇವರಿಂದ, ಇವರಿಗೆ, ಮಾನ್ಯರೇ, ವಿಷಯ, ತಮ್ಮ ವಿಶ್ವಾಸಿ. ಬೀದಿದೀಪ ಕೆಟ್ಟರೂ ಸರಿ, ಬೋರ್‌ವೆಲ್ ಕೆಟ್ಟರೂ ಸರಿ, ಜನ ನನ್ನ ಮನೆಗೆ ಬರುತ್ತಿದ್ದರು. ಒಳ್ಳೆಯ ಕನ್ನಡದಲ್ಲಿ, ಸರಿಯಾದ ವಿಭಕ್ತಿ ಪ್ರತ್ಯಯಗಳೊಂದಿಗೆ ಬರೆದ ಅರ್ಜಿಗೆ ಕರಗದ ಕಚೇರಿಯಿಲ್ಲ ಎಂದು ನಾನು ನಂಬಿದ್ದೆ. ಆ ನಂಬಿಕೆಯನ್ನು ಹಾಳು ಮಾಡಿದ್ದು ಅತ್ತೆಯ ಆಧಾರ್ ಕಾರ್ಡು.

ತೌಡತ್ತೆ ನನ್ನ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ, ಮಕ್ಕಳೂ ಇಲ್ಲದ ಕಾರಣ, ನಮ್ಮಲ್ಲಿಗೇ ಬಂದಳು. ಬಂದವಳು ನೆಂಟರಂತೆ ಕೂರಲಿಲ್ಲ. ಹಿತ್ತಿಲು, ಕೋಳಿ, ಒಲೆ, ನನ್ನ ಬಾಯಿ ಎಲ್ಲವನ್ನೂ ತನ್ನ ಹಿಡಿತಕ್ಕೆ ತೆಗೆದುಕೊಂಡಳು. ಅವಳಿಗೆ ತಿಂಗಳಿಗೊಮ್ಮೆ ವೃದ್ಧಾಪ್ಯದ ಪಿಂಚಣಿ ಬರುತ್ತಿತ್ತು. ಅದು ದೊಡ್ಡ ದುಡ್ಡಲ್ಲ, ಆದರೆ ಅವಳದು. ಎಲೆಯಡಿಕೆ ಅದರಲ್ಲಿ, ಸಂತೆಯ ಬಸ್ಸಿನ ಟಿಕೆಟ್ಟು ಅದರಲ್ಲಿ, ಪಕ್ಕದ ಮನೆಯ ಮಗುವಿಗೆ ಬಿಸ್ಕತ್ತು ಅದರಲ್ಲಿ. ಇಷ್ಟು ವರ್ಷದಲ್ಲಿ ಅವಳು ನನ್ನ ಮುಂದೆ ಕೈ ಚಾಚಿದ್ದನ್ನು ನಾನು ನೋಡಿಲ್ಲ. ನಾನು ಕೊಡಲು ಹೋದರೆ "ನನ್ ಸರ್ಕಾರ ಅದೆ ಬುಡು" ಎನ್ನುತ್ತಿದ್ದಳು.

ಅಂಥ ಅವಳ ಸರ್ಕಾರ ಒಂದು ತಿಂಗಳು ಸುಮ್ಮನಾಯಿತು. ಮುಂದಿನ ತಿಂಗಳೂ ಸುಮ್ಮನಾಯಿತು. ನಾಡಕಚೇರಿಗೆ ಹೋಗಿ ಕೇಳಿದೆವು. ಅಲ್ಲಿದ್ದವರು ಕಂಪ್ಯೂಟರು ನೋಡಿ, ಅತ್ತೆಯನ್ನು ನೋಡಿ, ಮತ್ತೆ ಕಂಪ್ಯೂಟರು ನೋಡಿ, "ಇವರಿಗೆ ವಯಸ್ಸಾಗಿಲ್ಲ" ಅಂದರು.

ಎದುರಿಗೆ ಬೊಚ್ಚುಬಾಯಿಯ, ಬೆನ್ನು ಬಾಗಿದ, ಕೋಲು ಹಿಡಿದ ಹೆಂಗಸು ನಿಂತಿದ್ದಾಳೆ. ಆದರೂ ವಯಸ್ಸಾಗಿಲ್ಲ. ಯಾಕೆಂದರೆ ಕಾರ್ಡಿನಲ್ಲಿ ನಮೂದಾದ ಹುಟ್ಟಿದ ದಿನದ ಪ್ರಕಾರ ನಮ್ಮತ್ತೆ ನನಗಿಂತ ಚಿಕ್ಕವಳು. ಇಷ್ಟು ವರ್ಷ ಆ ಕಾರ್ಡು ನಮ್ಮ ಮನೆಯಲ್ಲೇ ಇತ್ತು, ಎಷ್ಟು ಸಲ ಜೆರಾಕ್ಸ್ ಮಾಡಿಸಿದ್ದೇವೋ ಲೆಕ್ಕವಿಲ್ಲ. ಯಾರೂ ಅದನ್ನು ಓದಿರಲಿಲ್ಲ. ಮಕ್ಕಳ ಉತ್ತರ ಪತ್ರಿಕೆಯಲ್ಲಿ ಒತ್ತಕ್ಷರ ತಪ್ಪಿದರೂ ಕೆಂಪು ಗೀಟು ಎಳೆಯುತ್ತಿದ್ದ ನಾನೂ ಓದಿರಲಿಲ್ಲ. ಈಗ ಪಿಂಚಣಿಯವರ ಮತ್ತು ಆಧಾರಿನವರ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡಿಕೊಂಡು ಅತ್ತೆಯ ಪ್ರಾಯವನ್ನು ಪತ್ತೆಹಚ್ಚಿದ್ದವು.

ಅತ್ತೆ ಅದನ್ನು ಮೊದಮೊದಲು ತಮಾಷೆಯಾಗಿಯೇ ತೆಗೆದುಕೊಂಡಳು. ಮರುದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಕ್ಕಾ, ಕಾಪಿ ಆಯ್ತಾ?" ಎಂದು ಕೇಳಿದಳು. ನಾನು ತಿರುಗಿ ನೋಡಿದೆ. "ಸಣ್ಣೋರು ದೊಡ್ಡೋರ್ನ ಅಕ್ಕ ಅನ್ನದೆ ಇನ್ನೇನ್ ಅಂದಾರು" ಅಂದಳು. ಒಂದು ವಾರ ಹೀಗೇ ನಡೆಯಿತು. ಆಮೇಲೆ ಅವಳು ಎಲೆಯಡಿಕೆ ಬಿಟ್ಟಳು. ವಸಡು ನೋಯುತ್ತದೆ ಎಂದಳು. ಪಕ್ಕದ ಮನೆಯ ಮಗು ಬಂದರೆ ಒಳಗೆ ಹೋಗಿ ಕೂರುತ್ತಿದ್ದಳು. ವಸಡು ನೋಯುತ್ತಿಲ್ಲವೆಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆಯೆಂದು ಅವಳಿಗೂ ಗೊತ್ತಿತ್ತು. ಎಲೆ ತಂದಿಟ್ಟರೆ ಮುಟ್ಟುತ್ತಿರಲಿಲ್ಲ. ಅಲ್ಲಿಂದ ನನ್ನ ಓಡಾಟ ಶುರುವಾಯಿತು.

ಈ ತಪ್ಪು ಎಲ್ಲಿ ಹುಟ್ಟಿತೆಂದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಅದು ಹುಟ್ಟಿದ್ದು ನಮ್ಮ ಶಾಲೆಯಲ್ಲೇ. ಕಾರ್ಡು ಮಾಡಿಸುವ ಕ್ಯಾಂಪು ಹಾಕಿದ್ದರು. ಕಾಫಿ ತೋಟದ ಲೈನ್‌ಮನೆಗಳ ಕೂಲಿಯವರು, ಶುಂಠಿ ಹೊಲದವರು, ಅಂಗಡಿಯವರು, ಎಲ್ಲರೂ ಬಂದು ಎಂಟನೇ ತರಗತಿಯ ಬೆಂಚುಗಳ ಮೇಲೆ ಕೂತಿದ್ದರು. ಒಬ್ಬರು ಮಲಯಾಳದಲ್ಲಿ ಹೇಳಿದ್ದನ್ನು ಇನ್ನೊಬ್ಬರು ಕನ್ನಡಕ್ಕೆ ತಂದು, ಅದನ್ನು ಆಪರೇಟರ್ ಇಂಗ್ಲಿಷಿನಲ್ಲಿ ಕುಟ್ಟಿ, ಸಂಜೆಯ ಹೊತ್ತಿಗೆ ಅವನ ಕಣ್ಣು ಕೆಂಪಾಗಿತ್ತು. ಅತ್ತೆಯ ಸರದಿ ಬಂತು. "ವಯಸ್ಸೆಷ್ಟು?" ಅಂದ. ಅತ್ತೆ "ನೀನೇ ನೋಡಿ ಹಾಕ್ಕೊಳಪ್ಪ" ಅಂದಳು. ಅವನು ನೋಡಿ ಹಾಕಿದನೋ, ನೋಡದೆ ಹಾಕಿದನೋ, ಅವನ ಬೆರಳು ಹೋದ ಕಡೆ ಅತ್ತೆಯ ಆಯುಷ್ಯ ಹೋಯಿತು.

ಯಾಕೆ ಸರಿಯಾಗಿ ಹೇಳಲಿಲ್ಲ ಎಂದು ನೀವು ಕೇಳಬಹುದು. ಅವಳು ಯಾರಿಗೂ ತನ್ನ ವಯಸ್ಸು ಹೇಳುವವಳಲ್ಲ. ಹೇಳಬಾರದೆಂದು ಅವಳಿಗೆ ಹುಟ್ಟಿದಾಗಲೇ ಕಲಿಸಿದ್ದಾರೆ. ಇದು ಅರ್ಥವಾಗಬೇಕಾದರೆ ಅವಳ ಹೆಸರಿನ ಕಥೆ ಹೇಳಬೇಕು.

ನಮ್ಮಜ್ಜಿಗೆ ಮೊದಲು ಹುಟ್ಟಿದ ಎರಡು ಗಂಡು ಕೂಸುಗಳು ತೊಟ್ಟಿಲು ಕಾಣುವ ಮೊದಲೇ ಹೋದವು. ಮೂರನೆಯದು ಹೆಣ್ಣು, ಲಕ್ಷ್ಮಿ. ಅದು ಬದುಕಿತು, ನಡೆಯಿತು, ಮಾತಾಡಿತು. ಇದು ಉಳಿಯಿತು ಎಂಬ ಖುಷಿಯಲ್ಲಿ ತಾತ ಊರಿನ ಶಾನುಭೋಗರ ಹತ್ತಿರ ಹೋಗಿ ಅದರ ಹುಟ್ಟನ್ನು ಬರೆಸಿ ಬಂದರಂತೆ. ಮೂರು ವರ್ಷ ತುಂಬಿ ಸ್ವಲ್ಪ ದಿನಕ್ಕೆ ಜ್ವರ ಬಂದು ಅದೂ ಹೋಯಿತು. ಆಗ ಅಜ್ಜಿಯ ಹೊಟ್ಟೆಯಲ್ಲಿ ನಮ್ಮತ್ತೆ ಇದ್ದಳು. ಮನೆಯಲ್ಲಿ ಮಕ್ಕಳು ಉಳಿಯದಿದ್ದರೆ ನಮ್ಮವರು ಹುಟ್ಟಿದ ಕೂಸನ್ನು ಬೇರೆಯವರಿಗೆ ಮಾರಿಬಿಡುತ್ತಿದ್ದರು. ಮಾರುವುದೆಂದರೆ ನಿಜವಾಗಿ ಮಾರುವುದಲ್ಲ. ಒಂದು ಮೊರ ತೌಡಿಗೆ ಕೊಟ್ಟು, ಇದು ನಮ್ಮ ಕೂಸಲ್ಲ, ಅವರದ್ದು, ನಾವು ಸಾಕುತ್ತಿದ್ದೇವೆ ಅಷ್ಟೆ ಎಂದು ಸಾವಿಗೆ ಕೇಳಿಸುವ ಹಾಗೆ ಹೇಳುವುದು. ಆಮೇಲೆ ಅದಕ್ಕೆ ಯಾರೂ ಆಸೆಪಡದಂಥ ಹೆಸರಿಡುವುದು.

ಕೊಂಡವಳು ಐಸುಮ್ಮ. ಅವಳ ಗಂಡ ಊರಿನ ಅಕ್ಕಿ ಮಿಲ್ಲಿನಲ್ಲಿದ್ದ, ತೌಡಿಗೆ ಬರವಿರಲಿಲ್ಲ. ಕಣ್ಣೂರಿನ ಕಡೆಯಿಂದ ಬಂದ ಮುಸ್ಲಿಮರ ಮನೆ. ಬೇರೆ ಜಾತಿ, ಬೇರೆ ಭಾಷೆಯಾದರೆ ಯಮನಿಗೆ ಇನ್ನೂ ಚೆನ್ನಾಗಿ ಗುರುತು ತಪ್ಪುತ್ತದೆ ಎಂದು ಅಜ್ಜಿಯ ಲೆಕ್ಕ. ಐಸುಮ್ಮ ಮೊರದಲ್ಲಿ ತೌಡು ತಂದು ಸುರಿದು, ಕೂಸನ್ನು ಎತ್ತಿಕೊಂಡು ಮೂರು ಮನೆ ದಾಟಿ ಹೋಗಿ, "ಇದು ನಂದು, ನೀವು ಹಾಲು ಕೊಡಿ, ಸಾಕಿ" ಎಂದು ಹೇಳಿ ವಾಪಸ್ ತಂದುಕೊಟ್ಟಳಂತೆ. ಕೂಸು ತೌಡಮ್ಮ ಆಯಿತು. ಮುಂದೆ ಶಾನುಭೋಗರು ಈ ಕಡೆ ಬಂದಾಗ ಮಗು ಅಳುವುದು ಕೇಳಿ "ಯಾರ್ದು ಮಾರಾಯ, ಹೊಸದಾ?" ಎಂದು ಕೇಳಿದ್ದಕ್ಕೆ ತಾತ, "ನಮ್ದಲ್ಲ ಸ್ವಾಮಿ, ಮಿಲ್ಲಿನ ಐಸುಮ್ಮಂದು" ಅಂದರಂತೆ. ಬರೆಸಿದರೆ ಗೊತ್ತಾಗಿಬಿಡುತ್ತದಲ್ಲ. ಹೀಗೆ ಯಮನಿಂದ ಬಚ್ಚಿಟ್ಟದ್ದು ಸರ್ಕಾರದಿಂದಲೂ ಬಚ್ಚಿಟ್ಟಂತಾಯಿತು. ಅತ್ತೆ ಬದುಕಿದಳು. ಅವಳ ಬೆನ್ನಿಗೆ ನನ್ನಪ್ಪ ಹುಟ್ಟಿ ಅವರೂ ಬದುಕಿದರು. ವಯಸ್ಸು ಕೇಳಿದವರಿಗೆ ಹೇಳಬೇಡ ಎಂದು ಅಜ್ಜಿ ಅತ್ತೆಗೆ ಹೇಳಿಕೊಟ್ಟಳು. ಅದನ್ನು ಅತ್ತೆ ಎಂಟನೇ ತರಗತಿಯ ಬೆಂಚಿನ ತನಕ ಪಾಲಿಸಿಕೊಂಡು ಬಂದಳು.

ನಾವು ಮಕ್ಕಳಾಗಿದ್ದಾಗ ಈ ಕಥೆ ಕೇಳಿ ಅತ್ತೆಯ ಮೇಲೆ ನಮಗೆ ಹೊಟ್ಟೆಕಿಚ್ಚು. ಅವಳಿಗೆ ಎರಡು ತವರುಮನೆ. ಗೌರಿ ಹಬ್ಬಕ್ಕೆ ನಮ್ಮ ಮನೆಯ ಬಾಗಿನ, ರಂಜಾನ್ ಹಬ್ಬಕ್ಕೆ ಐಸುಮ್ಮನ ಮನೆಯ ಪತ್ತಿರಿ. ಅಕ್ಕಿಹಿಟ್ಟಿನ ತೆಳ್ಳಗಿನ ಆ ರೊಟ್ಟಿಯನ್ನು ತೆಂಗಿನಹಾಲಿನಲ್ಲಿ ಅದ್ದಿ ಐಸುಮ್ಮ ನಮಗೂ ಕೊಡುತ್ತಿದ್ದಳು. ಅತ್ತೆಗೆ ಮಾತ್ರ ಒಂದು ಹೆಚ್ಚು, ಯಾಕೆಂದರೆ ಅವಳು ಕೊಂಡ ಮಗಳು. ಅತ್ತೆಯ ಮದುವೆಯಲ್ಲಿ ತಾತ ಐಸುಮ್ಮನ ಮನೆಗೆ ಹೋಗಿ, ಸೀರೆ ಕೊಟ್ಟು, ನಿನ್ನ ಮಗಳನ್ನು ಧಾರೆ ಎರೆದು ಕೊಡುತ್ತೇವೆ ಎಂದು ಕೇಳಿ ಬಂದಿದ್ದರಂತೆ. ಒಮ್ಮೆ ನಾನು ಅಮ್ಮನ ಹತ್ತಿರ, ನನ್ನನ್ನು ಯಾಕೆ ಯಾರಿಗೂ ಮಾರಲಿಲ್ಲ ಎಂದು ಅತ್ತು ಕರೆದಿದ್ದೆ. ಅಮ್ಮ "ನಿನ್ನ ಬಾಯಿ ನೋಡಿದ್ರೆ ತೌಡಲ್ಲ, ಬೂದಿಗೂ ಯಾರೂ ತಗೊಳ್ಳಲ್ಲ" ಅಂದಿದ್ದಳು.

ಇರಲಿ, ಎಲ್ಲೋ ಹೋದೆ. ಕಾರ್ಡಿನ ವಿಷಯಕ್ಕೆ ಬರೋಣ, ಬರದೆ ಬಿಡುವಂತಿಲ್ಲ.

ತಾಲ್ಲೂಕು ಕಚೇರಿಯ ಮೂಲೆಯಲ್ಲಿ ಕಾರ್ಡು ತಿದ್ದುವ ಕೌಂಟರಿದೆ. ಅಲ್ಲಿ ಕೂರುವ ಹುಡುಗಿ ನಾಪೋಕ್ಲು ಕಡೆಯವಳು. ಒಳ್ಳೆಯವಳು, ಅದೇ ತೊಂದರೆ. ಕೆಟ್ಟವಳಾಗಿದ್ದರೆ ಜಗಳವಾಡಿ ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಮೊದಲ ಸಲ ಹೋದಾಗ, "ಸರ್ವರ್ ಇಲ್ಲ ಅಕ್ಕ, ನಾಳೆ ನೋಡುವ" ಅಂದಳು. ನಾಳೆ ಸರ್ವರ್ ಇತ್ತು, ಅವಳಿರಲಿಲ್ಲ. ಬರುವ ದಾರಿಯಲ್ಲಿ ಆನೆ ನಿಂತಿತ್ತಂತೆ. ಇನ್ನೊಂದು ದಿನ ಅವಳೂ ಇದ್ದಳು, ಸರ್ವರೂ ಇತ್ತು. ಆದರೆ ಅತ್ತೆಯ ಬೆರಳನ್ನು ಯಂತ್ರ ಒಪ್ಪಲಿಲ್ಲ. ಬೆರಳಿಗೆ ಎಣ್ಣೆ ಹಚ್ಚಿ, ಸೀರೆಗೆ ಒರೆಸಿ, ಮತ್ತೆ ಹಚ್ಚಿ, ಕೊನೆಗೆ ಒಂದು ಹೆಬ್ಬೆರಳನ್ನು ಅದು ಹೇಗೋ ಗುರುತಿಸಿತು. ಆಗ ಮೊಬೈಲಿಗೆ ಒಂದು ನಂಬರ್ ಬರಬೇಕಂತೆ. ಕ್ಯಾಂಪಿನ ದಿನ ಅತ್ತೆಗೆ ಮೊಬೈಲ್ ಇಲ್ಲವೆಂದು ಯಾರೋ ಪುಣ್ಯಾತ್ಮರು ತಮ್ಮದೇ ನಂಬರ್ ಬರೆಸಿದ್ದರು. ಆ ಪುಣ್ಯಾತ್ಮರು ಯಾರು, ಎಲ್ಲಿದ್ದಾರೆ, ನಮ್ಮತ್ತೆಯ ನಂಬರುಗಳೆಲ್ಲ ಬಂದಾಗ ಏನೆಂದುಕೊಂಡರು, ದೇವರೇ ಬಲ್ಲ.

ಆ ನಂಬರನ್ನೂ ಬದಲಿಸಿ, ಅಷ್ಟೆಲ್ಲ ದಾಟಿ ಅರ್ಜಿ ಒಳಗೆ ಹೋಯಿತು. ಪರಿಶೀಲನೆಯಲ್ಲಿದೆ ಎಂದು ಬಂತು. ಬಹಳ ದಿನ ಪರಿಶೀಲನೆಯಲ್ಲೇ ಇತ್ತು. ಆಮೇಲೆ ತಿರಸ್ಕೃತವಾಗಿದೆ ಎಂದು ಬಂತು. ಯಾಕೆಂದು ಕೇಳಿದರೆ ಹುಡುಗಿಗೆ ಗೊತ್ತಿಲ್ಲ, ಅವಳ ಮೇಲಿನವರಿಗೆ ಗೊತ್ತಿಲ್ಲ. ಹುಟ್ಟಿದ ದಿನಾಂಕ ತಿದ್ದಬೇಕಾದರೆ ಜನನ ಪ್ರಮಾಣಪತ್ರವೇ ಬೇಕೇನೋ ಎಂದು ಊಹೆ. ಡಾಕ್ಟರು ಕೊಟ್ಟ ವಯಸ್ಸಿನ ಪತ್ರ ತೋರಿಸಿದೆ. "ಇದು ಮೊದಲು ಆಗ್ತಿತ್ತು ಅಕ್ಕ, ಈಗ ಆಗ್ತದೋ ಇಲ್ವೋ ಗೊತ್ತಿಲ್ಲ" ಅಂದಳು. ವೋಟರ್ ಐಡಿ ತೋರಿಸಿದೆ. "ಇದು ಹೆಸರಿಗೆ ಆಗ್ತದೆ, ವಯಸ್ಸಿಗೆ ಆಗೋದಿಲ್ಲ ಅಂತ ಕಾಣ್ತದೆ" ಅಂದಳು. ಇಡೀ ದೇಶದಲ್ಲಿ ಯಾರಾದರೂ ಒಬ್ಬರು ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಮಾತು ಮುಗಿಸುವವರು ಸಿಕ್ಕಿದ್ದರೆ ನಾನು ಅವರ ಕಾಲಿಗೆ ಬೀಳುತ್ತಿದ್ದೆ.

ಜನನ ಪ್ರಮಾಣಪತ್ರಕ್ಕೆ ಎದುರಿನ ಕೋಣೆಗೆ ಹೋದರೆ, ಅದಕ್ಕೆ ಆಧಾರ್ ಬೇಕು ಅಂದರು. ಕೊಟ್ಟೆ. "ಇದರಲ್ಲಿ ವಯಸ್ಸು ತಪ್ಪಾಗಿದೆ, ಸರಿ ಮಾಡಿಸಿಕೊಂಡು ಬನ್ನಿ" ಅಂದರು. ನಾನು ಆ ಕೋಣೆಗೂ ಕೌಂಟರಿಗೂ ನಡುವಿನ ಜಗಲಿಯಲ್ಲಿ ನಿಂತು, ನಡೆಯಲು ಕಾಲು ಯಾವ ಕಡೆಗೂ ಬಾರದೆ, ಸುಮ್ಮನೆ ಗೋಡೆಯ ಮೇಲಿನ ನಾಗರಿಕ ಸನ್ನದನ್ನು ಓದಿದೆ. ಅದರಲ್ಲಿ ಮೂರು ಕಾಗುಣಿತ ತಪ್ಪಿದ್ದವು. ಆ ದಿನ ನನಗಾದ ಸಮಾಧಾನ ಅದೊಂದೇ.

ಒಂದು ಮಾತು ಮಾತ್ರ ನನಗೆ ಇವತ್ತಿಗೂ ಅರಗಿಲ್ಲ. ನನ್ನ ಕಾರ್ಡು ಹರಿದದ್ದಕ್ಕೆ ಹೊಸದು ತರಿಸಿದ್ದೆ. ಹೊಸದರ ಕೆಳಗೆ, ಇದು ಗುರುತಿನ ಪುರಾವೆಯೇ ಹೊರತು ಪೌರತ್ವದ್ದಾಗಲಿ ಹುಟ್ಟಿದ ದಿನಾಂಕದ್ದಾಗಲಿ ಅಲ್ಲ ಎಂಬರ್ಥದ ಸಾಲು ಅಚ್ಚಾಗಿ ಬಂದಿದೆ. ಅದನ್ನು ನಾಡಕಚೇರಿಯವರ ಮುಂದೆ ಹಿಡಿದು, "ಹುಟ್ಟಿದ ದಿನಕ್ಕೆ ಇದು ಪುರಾವೆಯೇ ಅಲ್ಲ ಅಂತ ಇದರಲ್ಲೇ ಇದೆಯಲ್ಲ ಸ್ವಾಮಿ, ಮತ್ತೆ ಇದನ್ನು ನೋಡಿ ಪಿಂಚಣಿ ಯಾಕೆ ನಿಲ್ಲಿಸಿದಿರಿ?" ಎಂದು ಕೇಳಿದೆ. ಅವರು ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. "ಹೌದಲ್ಲ ಮೇಡಂ" ಅಂದರು. ಅಷ್ಟೇ. ಆ ಹೌದಲ್ಲವನ್ನು ತೆಗೆದುಕೊಂಡು ನಾನು ಮನೆಗೆ ಬಂದೆ.

ಕೊನೆಗೆ ಜನನ ಮರಣ ವಿಭಾಗದ ಗುಮಾಸ್ತರೊಬ್ಬರಿಗೆ ನಮ್ಮನ್ನು ನೋಡಿ ನೋಡಿ ಕನಿಕರ ಬಂತು. ಹಳೆಯ ಪುಸ್ತಕ ತೆಗೆಸಿ ಹುಡುಕುತ್ತೇನೆ, ತಂದೆಯ ಹೆಸರು ಹೇಳಿ ಅಂದರು. ಹೇಳಿದೆ. ಸಿಗುವುದಿಲ್ಲವೆಂದು ನನಗೆ ಗೊತ್ತಿತ್ತು, ಸುಮ್ಮನೆ ಹೇಳಿದೆ. ಕೆಲವು ದಿನ ಬಿಟ್ಟು ಅವರೇ ಫೋನ್ ಮಾಡಿದರು.

"ಮೇಡಂ, ಸಿಕ್ತು. ತಂದೆ ಹೆಸರು ಸರಿಯಾಗಿದೆ, ಊರು ಸರಿಯಾಗಿದೆ, ಹೆಣ್ಣು ಮಗು. ಹೆಸರು ಮಾತ್ರ ಲಕ್ಷ್ಮಿ ಅಂತಿದೆ."

ನಾನು ಅದು ಅತ್ತೆಯಲ್ಲ, ಮೂರು ವರ್ಷಕ್ಕೇ ತೀರಿಹೋದ ಅವಳ ಅಕ್ಕ ಎಂದೆ. ಆಮೇಲೆ ಅವರು ದನಿ ತಗ್ಗಿಸಿ, "ಮೇಡಂ, ಅದು ನನಗೆ ಗೊತ್ತಿಲ್ಲ ಅಂತ ಇಟ್ಕೊಳ್ಳಿ. ಲಕ್ಷ್ಮಿ ಉರುಫ್ ತೌಡಮ್ಮ ಅಂತ ನೋಟರಿ ಹತ್ರ ಒಂದು ಅಫಿಡವಿಟ್ ಮಾಡಿಸಿ. ವಯಸ್ಸು ಒಂದು ಮೂರು ವರ್ಷ ಜಾಸ್ತಿ ಆಗುತ್ತೆ, ಆಗ್ಲಿ. ಇದು ಬಿಟ್ರೆ ತಡವಾದ ನೋಂದಣಿ ಅಂತ ದೊಡ್ಡ ಸಾಹೇಬರ ಆದೇಶ ಬೇಕು. ಅದಕ್ಕೆ ಇವರು ಹುಟ್ಟಿದ್ದನ್ನು ನೋಡಿದ ಸಾಕ್ಷಿ ಬೇಕು. ಎಲ್ಲಿಂದ ತರ್ತೀರಿ?" ಅಂದರು.

ಎಲ್ಲಿಂದ ತರಲಿ. ಅಜ್ಜಿ ಇಲ್ಲ, ಸೂಲಗಿತ್ತಿ ಇಲ್ಲ, ಐಸುಮ್ಮ ಇಲ್ಲ. ಅವಳು ಹುಟ್ಟಿದ್ದನ್ನು ನೋಡಿದವರೆಲ್ಲ ಅದನ್ನು ಮುಚ್ಚಿಟ್ಟ ಗುಟ್ಟಿನ ಸಮೇತ ಹೋಗಿಬಿಟ್ಟಿದ್ದಾರೆ. ನಿಜ ಹೇಳುತ್ತೇನೆ, ಗುಮಾಸ್ತರ ಮಾತು ಕೇಳಿ ನನಗೆ ಖುಷಿಯೇ ಆಯಿತು. ಸುಳ್ಳೋ ನಿಜವೋ, ಈ ಅಲೆದಾಟ ಮುಗಿದರೆ ಸಾಕಾಗಿತ್ತು.

ಅತ್ತೆ ಪಡಸಾಲೆಯಲ್ಲಿ ಕೂತು ಅವರೆಕಾಳು ಹಿದುಕುತ್ತಿದ್ದಳು. ನಾನು ಎದುರಿಗೆ ಕೂತು ವಿಷಯ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

"ಅಂದ್ರೆ ನಾನು ಲಕ್ಸ್ಮಿ ಅಂತ ಹೇಳ್ಬೇಕಾ?"

"ಕಾಗದದಲ್ಲಿ ಮಾತ್ರ ಅತ್ತೆ. ಮನೇಲಿ ನೀನು ತೌಡತ್ತೇನೇ."

"ಕಾಗದದಲ್ಲಿ ಸರಿಗಿಲ್ಲ ಅಂತ ತಾನೆ ಪಿಂಚಣಿ ನಿಂತಿರದು? ಕಾಗದ ಅಂದ್ರೆ ಸುಮ್ನೆನಾ ಮಗ?"

ಉತ್ತರವಿಲ್ಲದಾಗ ಮೇಷ್ಟರುಗಳು ಮಾಡುವುದನ್ನೇ ನಾನೂ ಮಾಡಿದೆ, ದನಿ ಏರಿಸಿದೆ. ನಿನ್ನ ಹಠಕ್ಕೆ ಇನ್ನೆಷ್ಟು ದಿನ ಬಿಸಿಲಲ್ಲಿ ಕ್ಯೂ ನಿಲ್ಲಲಿ, ಯಾವ ಕಾಲದ ಮಾತು, ಈಗ ಯಾವ ಯಮ ಕೂತು ಪುಸ್ತಕ ನೋಡುತ್ತಾನೆ ಎಂದೆಲ್ಲ ಅಂದೆ. ಅವಳು ಕೇಳಿಸಿಕೊಂಡಳು. ಹಿದುಕಿದ ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿ, "ಆಗ್ಲಿ. ನೀ ಕರ್ದ ದಿನ ಬತ್ತೀನಿ" ಅಂದಳು.

ಕರೆದ ದಿನ ಬಂದಳು. ತಲೆಗೆ ಎಣ್ಣೆ ಹಚ್ಚಿ ಬಾಚಿ, ಮದುವೆ ಮನೆಗೆ ಉಡುವ ಸೀರೆ ಉಟ್ಟಿದ್ದಳು. ಬಸ್ಸಿನಲ್ಲಿ ಕಿಟಕಿಯ ಆಚೆ ನೋಡುತ್ತ ಕೂತಳು. ಅಫಿಡವಿಟ್ಟು ನನ್ನ ಬ್ಯಾಗಿನಲ್ಲಿತ್ತು, ನೋಟರಿ ಪರಿಚಯದವರೆಂದು ಮೊದಲೇ ಮೊಹರು ಒತ್ತಿಕೊಟ್ಟಿದ್ದರು. ಅವಳ ಹೆಬ್ಬೆಟ್ಟು ಒಂದು ಬಿದ್ದರೆ ಮುಗಿಯಿತು.

ಗುಮಾಸ್ತರು ನಮಗಾಗಿ ಪುಸ್ತಕ ತೆಗೆದಿಟ್ಟುಕೊಂಡೇ ಕಾಯುತ್ತಿದ್ದರು. ಅಂಚು ಮುರಿದ, ಮುಟ್ಟಿದರೆ ಪುಡಿಯಾಗುವಂಥ ಹಾಳೆಗಳು. ಅಫಿಡವಿಟ್ ಓದಿ, ಮೊಹರು ನೋಡಿ, ಇಂಕು ಪ್ಯಾಡಿನ ಮುಚ್ಚಳ ತೆಗೆದರು. "ಒಂದು ಸಲ ಬಾಯಲ್ಲಿ ಹೇಳ್ಬಿಡಿ ಅಜ್ಜಿ. ಲಕ್ಷ್ಮಿ ಅಂದ್ರೆ ನೀವೇ ತಾನೆ?"

ಅತ್ತೆ ಪುಸ್ತಕದ ಕಡೆ ಕತ್ತು ಚಾಚಿದಳು. "ಅವಳ್ದು ಯಾವ್ದಪ್ಪ?" ಎಂದು ಕೇಳಿದಳು.

ಗುಮಾಸ್ತರು ಪುಸ್ತಕವನ್ನು ಅವಳ ಕಡೆ ತಿರುಗಿಸಿ, ಬೆರಳಿಟ್ಟು ತೋರಿಸಿದರು. ಅವಳಿಗೆ ಓದು ಬಾರದು. ಆದರೂ ಬಗ್ಗಿ ನೋಡಿದಳು. ಆ ಸಾಲಿನ ಮೇಲೆ ತನ್ನ ಬೆರಳನ್ನು ಈ ಕಡೆಯಿಂದ ಆ ಕಡೆಗೆ ನಿಧಾನವಾಗಿ ಎಳೆದಳು.

"ಇಷ್ಟೇನಾ?"

"ಇಷ್ಟೇ ಅಜ್ಜಿ. ಹೆಸರು, ಅಪ್ಪನ ಹೆಸರು, ಊರು, ತಾರೀಕು."

"ನೋಡಪ್ಪ," ಅಂದಳು ಅತ್ತೆ, "ಅವಳ ತೊಟ್ಲು ನಂಗೆ ಬಂತು. ಅವಳ ಬೆಳ್ಳಿ ಕಡಗ ನಂಗೆ ಬಂತು. ಅವಳ ಲಂಗ ಹೊಲ್ದು ನಂಗೇ ಹಾಕಿದ್ರು. ಅವ್ವ ಅವಳ್ಗೆ ಅಂತ ಇಟ್ಕಂಡಿದ್ದ ಪ್ರೀತಿನೂ ನಂಗೇ ಕೊಟ್ಲು. ಮನೇಲಿ ಅವಳ ಹೆಸ್ರು ಯಾರೂ ಎತ್ತಂಗಿರ್ಲಿಲ್ಲ, ಎತ್ತಿದ್ರೆ ನಂಗೆ ಏನಾರಾ ಆಯ್ತದೆ ಅಂತ. ಆ ಕೂಸ್ಗೆ ಅಂತ ಉಳ್ದಿರದು ಇದೊಂದೇ ಗೆರೆ. ಇದ್ನೂ ನಾನೇ ತಕ್ಕಂಡ್ರೆ ಅವ್ಳು ಹುಟ್ಟೇ ಇಲ್ಲ ಅಂತ ಆಗೋಗದಿಲ್ವಾ?"

ಗುಮಾಸ್ತರು ಇಂಕು ಪ್ಯಾಡಿನ ಮುಚ್ಚಳ ಹಾಕಿದರು. ನನಗೆ ನಾಚಿಕೆಯೂ ಆಯಿತು, ಅಳುವೂ ಬಂತು, ಅದರ ಜೊತೆಗೇ ಇಷ್ಟು ತಿಂಗಳ ಓಡಾಟ ನೀರಿನಲ್ಲಿ ಹೋಮವಾಯಿತಲ್ಲ ಎಂಬ ಸಿಟ್ಟೂ ಬಂತು. ಸುಳ್ಳು ಯಾಕೆ ಹೇಳಲಿ, ಸಿಟ್ಟು ಎಲ್ಲಿಗೂ ಹೋಗಿರಲಿಲ್ಲ.

ಗುಮಾಸ್ತರು ಪುಸ್ತಕದ ಇನ್ನೂ ಕೆಲವು ಹಾಳೆ ಮಗುಚಿದರು. ಮರಣದ ಪುಸ್ತಕವನ್ನೂ ತರಿಸಿ ಹಿಂದೆ ಮುಂದೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಕೆಲಸದ ದನಿಯಲ್ಲಿ, "ಮೇಡಂ, ಲಕ್ಷ್ಮಿ ತೀರ್ಕೊಂಡಿದ್ದನ್ನ ನಿಮ್ಮ ತಾತ ಬರೆಸೇ ಇಲ್ಲ. ಇಲ್ಲಿಯ ಪ್ರಕಾರ ಅವರು ಇನ್ನೂ ಇದ್ದಾರೆ. ಹೇಗೂ ಬಂದಿದ್ದೀರಿ, ಮರಣ ನೋಂದಣಿಗೆ ಒಂದು ಅರ್ಜಿ ಕೊಟ್ಟುಬಿಡಿ" ಅಂದರು.

ಅಂದರೆ ಸರ್ಕಾರದ ಲೆಕ್ಕದಲ್ಲಿ, ನನ್ನ ಪಕ್ಕದಲ್ಲಿ ಉಸಿರಾಡುತ್ತ ನಿಂತಿರುವ ಅತ್ತೆ ಹುಟ್ಟಿಲ್ಲ. ಮೂರು ವರ್ಷಕ್ಕೆ ಮಣ್ಣಾದ ಅತ್ತೆ ಸತ್ತಿಲ್ಲ. ನನಗೆ ನಗು ಬಂದಿತೋ ಏನೋ, ಅಭ್ಯಾಸಬಲದಿಂದ ಬ್ಯಾಗಿನಿಂದ ಹಾಳೆ ತೆಗೆದೆ, ಪೆನ್ನು ತೆಗೆದೆ. ಇವರಿಂದ ಎಂದು ಬರೆದೆ. ಅತ್ತೆ ನನ್ನ ಕೈ ಹಿಡಿದುಕೊಂಡಳು.

"ಏನ್ ಬರೀತಿದ್ದೀ?"

"ಲಕ್ಷ್ಮತ್ತೆ ತೀರಿಕೊಂಡದ್ದನ್ನು ಬರೆಸಬೇಕಂತೆ."

"ಪಿಂಚಣಿ ಬಂದ್ರೆ ಬರ್ಲಿ, ಇಲ್ದಿದ್ರೆ ಹೋಗ್ಲಿ. ಅದ್ನ ಮಾತ್ರ ಬರೀಬೇಡ ಮಗ," ಅಂದಳು ಅತ್ತೆ. "ಅವ್ವ ಅಪ್ಪ ಹೆಂಗೆಂಗೋ ಮಾಡಿ ನನ್ನೊಬ್ಳನ್ನ ಉಳಿಸ್ಕಂಡ್ರು. ಅವಳು ಇಲ್ಲೊಂದ್ ಕಡೆನಾರಾ ಬದ್ಕಿರ್ಲಿ ಬುಡು."